ಹಸಿ ತೊಗರಿಕಾಯಿ ಬಂದಾಗ

ಡಿಸೆಂಬರ್ ಹತ್ತಿರ ಬಂತೆಂದರೆ ಕಲಬುರಗಿಯ ಕಣ್ಣಿ ಮಾರ್ಕೆಟ್‌ನಲ್ಲಿ ಹಸಿ ತೊಗರಿಕಾಯಿ ರಾಶಿ ಬೀಳುತ್ತದೆ. ದರ ಕೇಳುವ ಮೊದಲು ನಾನು ಕೇಳುವುದು ಒಂದೇ: "ಯಾವಾಗ ಹರಿದಿದ್ದವ್ವಾ?" "ಇವತ್ತ ನಸಿಕಿನ್ಯಾಗ" ಅಂದರೆ ಚೀಲ ಬಿಚ್ಚುತ್ತೇನೆ. ನಿನ್ನೆಯದು ಅಂದರೆ ಅರ್ಧ ಕಿಲೋ ಸಾಕು. ಗಿಡದಿಂದ ಕಿತ್ತ ಮೇಲೆ ಕಾಳಿನ ಸಿಹಿ ಕಡಿಮೆಯಾಗಿ ಹಿಟ್ಟು ಹಿಟ್ಟಾಗುತ್ತಾ ಹೋಗುತ್ತದೆ. ಬಟಾಣಿಯದೂ ಹಾಗೇ ಅಲ್ವಾ?

ಆರಿಸುವಾಗ ಕಣ್ಣಿಗಿಂತ ಬೆರಳನ್ನು ನಂಬಿ. ಕಾಯಿಯನ್ನು ಎರಡು ಬೆರಳ ನಡುವೆ ಹಿಡಿದು ಉದ್ದಕ್ಕೂ ಒತ್ತುತ್ತಾ ಹೋಗಿ. ನಾಲ್ಕೈದು ಕಾಳು ಗುಂಡಗೆ ಸಿಗಬೇಕು. ಚಪ್ಪಟೆ ಇದ್ದರೆ ಸುಮ್ನೆ ಸಿಪ್ಪೆಗೆ ದುಡ್ಡು ಕೊಟ್ಟಂತೆ. ನೇರಳೆ ಗೆರೆ ಕಂಡು ಹೆದರಬೇಡಿ, ಅದು ತಳಿಯ ಬಣ್ಣ. ಸಣ್ಣ ತೂತು ಇದ್ದದ್ದನ್ನು ಮಾತ್ರ ಬಿಡಿ, ಅದಕ್ಕೆ ಹುಳ ಹೊಕ್ಕಿರುತ್ತದೆ.

ಇಡಲೇಬೇಕೆಂದರೆ ತೊಳೆಯಬೇಡಿ. ಒಂದು ವರ್ಷ ನಾನು ತೊಳೆದು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರಿಜ್‌ಗೆ ಇಟ್ಟೆ. ಮೂರನೇ ದಿನ ಚೀಲದ ಒಳಗೆಲ್ಲ ನೀರು, ಕಾಯಿ ತುದಿಗೆ ಬಿಳಿ ಬೂಸು. ಎರಡು ಕಿಲೋ ಚೆಲ್ಲುವಾಗ ಹೊಟ್ಟೆ ಉರಿಯಿತು. ಈಗ ಹಳೇ ಪಂಚೆಯ ತುಂಡಿನಲ್ಲಿ ಸಡಿಲವಾಗಿ ಸುತ್ತುತ್ತೇನೆ. ಎರಡು ಮೂರು ದಿನ ತಡೆಯುತ್ತದೆ. ತಿಂಗಳುಗಟ್ಟಲೆ ಬೇಕೆಂದರೆ ಕಾಳು ಸುಲಿದು ಕುದಿಯುವ ನೀರಿಗೆ 2 ನಿಮಿಷ ಹಾಕಿ, ಕೂಡಲೇ ತಣ್ಣೀರಿಗೆ ತೆಗೆಯಿರಿ. ಬಟ್ಟೆ ಮೇಲೆ ಪೂರಾ ಆರಿದ ಮೇಲೆ ಫ್ರೀಜರ್‌ಗೆ.

ತಂದ ದಿನ ಮಾತ್ರ ಬೇರೇನೂ ಮಾಡಬೇಡಿ. ಸಿಪ್ಪೆ ಸಮೇತ ಉಪ್ಪು ನೀರಲ್ಲಿ ಇಪ್ಪತ್ತು ನಿಮಿಷ ಕುದಿಸಿ. ಮುಚ್ಚಳ ತೆಗೆದಿರಲಿ. ಕಾಯಿಯ ಹುಳಿ ಆವಿಯ ಜೊತೆ ಹೋದರೆ ಹಸಿರು ಉಳಿಯುತ್ತದೆ. ಬಸಿದು ಬುಟ್ಟಿಗೆ ಸುರಿದರೆ ಮನೆಮಂದಿ ಸುತ್ತ ಕೂತು ಸುಲಿದು ತಿನ್ನುತ್ತಾರೆ.

ಉಳಿದ ಕಾಳಿಗೆ ಬಳ್ಳೊಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ ಜಜ್ಜಿ ಒಗ್ಗರಣೆ ಕೊಡಿ. ಕೊನೆಗೆ ಒಂದು ಹಿಡಿ ಶೇಂಗಾ ಪುಡಿ. ಬಿಸಿ ಜೋಳದ ರೊಟ್ಟಿಗೆ ಇಷ್ಟೇ ಸಾಕು.

ಎಳ್ಳಮಾವಾಸ್ಯೆಯ ಭಜ್ಜಿಗೂ (ಕರಿದ ಬಜ್ಜಿಯಲ್ಲ, ಕಾಳು-ಸೊಪ್ಪು ಕೂಡಿಸಿ ಬೇಯಿಸುವ ಪಲ್ಯ) ಈ ಕಾಳು ಬೇಕೇ ಬೇಕು. ಅಲ್ಲಿ ಹಲವರು ಅವಸರ ಮಾಡಿ ಹುಣಸೆ ರಸವನ್ನು ಮೊದಲೇ ಸುರಿಯುತ್ತಾರೆ. ಹುಳಿ ಬಿದ್ದರೆ ಕಾಳು ಬೇಗ ಮೆತ್ತಗಾಗುವುದಿಲ್ಲ. ಮೊದಲು ಕಾಳು, ಆಮೇಲೆ ಸೊಪ್ಪು. ಒಂದು ಕಾಳು ತೆಗೆದು ಬೆರಳಿನಿಂದ ಒತ್ತಿ ನೋಡಿ. ಬೆಣ್ಣೆಯಂತೆ ಅಮುಕಿದರೆ ಆಗ ಹುಣಸೆ ರಸ ಹಾಕಿ, ಒಂದು ಕುದಿ ಬಂದ ಕೂಡಲೇ ಇಳಿಸಿ.