ಮಗು ದಾಂಪತ್ಯವನ್ನು ಉಳಿಸುತ್ತದೆಯೇ: ಎರಡು ಸಮೀಕರಣ ಕೂಡಿಸಿ ನೋಡಿದ ಅನುಭವ

ಮಕ್ಕಳಿರುವ ಜೋಡಿಗಳು ಬೇರೆಯಾಗುವುದು ಕಡಿಮೆ ಎಂದು ಕೋಷ್ಟಕ ತೋರಿಸಿದಾಗ ಅದರಲ್ಲಿ ಎರಡು ಸಂಗತಿ ಬೆರೆತಿರುತ್ತವೆ. ಒಂದು, ಮಗು ಬಂದದ್ದರ ಪರಿಣಾಮ. ಇನ್ನೊಂದು, ಬಾಳುವ ಸಂಬಂಧ ಎನಿಸಿದರೆ ಮಾತ್ರ ಮಗು ಮಾಡಿಕೊಳ್ಳುವ ಆಯ್ಕೆ. ಇವನ್ನು ಬಿಡಿಸಲು ನಾನು ಹಿಡಿದದ್ದು 1993ರಲ್ಲಿ ಸಂಶೋಧಕರಾದ ಲಿಲ್ಲಾರ್ಡ್ ಮತ್ತು ವೇಟ್ ಅಮೆರಿಕದ ದಂಪತಿಗಳ ಮೇಲೆ ಬಳಸಿದ ದಾರಿ: ಬೇರ್ಪಡುವಿಕೆಗೊಂದು, ಗರ್ಭಧಾರಣೆಗೊಂದು ಸಮೀಕರಣ ಬರೆದು ಎರಡನ್ನೂ ಒಟ್ಟಿಗೆ ಅಂದಾಜಿಸುವುದು.

ದತ್ತಾಂಶ ಬ್ರಿಟನ್ನಿನದು. 1958ರ ಮಾರ್ಚ್ ಮತ್ತು 1970ರ ಏಪ್ರಿಲ್‌ನ ಒಂದೊಂದು ವಾರದಲ್ಲಿ ಹುಟ್ಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುವ ಕೋಹಾರ್ಟ್ (ಒಂದೇ ಕಾಲದಲ್ಲಿ ಹುಟ್ಟಿದವರ ಗುಂಪು) ಅಧ್ಯಯನಗಳಲ್ಲಿ ಸಹಜೀವನ, ಮದುವೆ, ಬೇರ್ಪಡುವಿಕೆ, ಹೆರಿಗೆಗಳ ಕಾಲಾನುಕ್ರಮ ಸಿಗುತ್ತದೆ. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಾದ ಎನ್‌ಎಫ್‌ಎಚ್‌ಎಸ್‌ನಲ್ಲಿ ಹೆರಿಗೆಗಳ ಇತಿಹಾಸವಿದೆ, ಆದರೆ ದಾಂಪತ್ಯ ಮುಗಿದ ತಾರೀಖಿಲ್ಲ. ಹಾಗಾಗಿ ಈ ವಿಧಾನಕ್ಕೆ ಅದು ಒದಗುವುದಿಲ್ಲ.

ಮುಕ್ಕಾಲು ಪಾಲು ಶ್ರಮ ಕಡತ ಸಿದ್ಧಪಡಿಸುವುದರಲ್ಲೇ ಹೋಗುತ್ತದೆ. ಮೊದಲು ತಾರೀಖುಗಳನ್ನು ತಿಂಗಳ ಸಂಖ್ಯೆಗೆ ಇಳಿಸಬೇಕು: ವರ್ಷದಿಂದ 1900 ಕಳೆದು, 12ರಿಂದ ಗುಣಿಸಿ, ತಿಂಗಳು ಕೂಡಿಸಿದರೆ 1970ರ ಏಪ್ರಿಲ್ 844 ಆಗುತ್ತದೆ. ಹೆರಿಗೆಯ ತಿಂಗಳಿನಿಂದ 9 ಕಳೆದದ್ದು ಗರ್ಭಧಾರಣೆಯ ತಿಂಗಳು. ಹೆರಿಗೆಯನ್ನೇ ಘಟನೆಯಾಗಿ ಹಿಡಿದರೆ ಬಸುರಿಯಾದ ಮೇಲೆ ಮದುವೆಯಾದವರಲ್ಲಿ ಕಾರಣ-ಕಾರ್ಯ ತಿರುವುಮುರುವಾಗುತ್ತದೆ. ಆಮೇಲೆ ಪ್ರತಿ ಸಂಬಂಧವನ್ನೂ 6 ತಿಂಗಳ ತುಂಡುಗಳಾಗಿ ಕತ್ತರಿಸಬೇಕು. 5 ವರ್ಷ ಬಾಳಿದ ಸಂಬಂಧಕ್ಕೆ 10 ಸಾಲು. ಮಕ್ಕಳ ಸಂಖ್ಯೆ, 'ಈಗ ಬಸುರಿ' ಎಂಬ ಗುರುತು, ಇವೆಲ್ಲ ತುಂಡಿನ ಆರಂಭದಲ್ಲಿ ಇದ್ದಂತೆಯೇ ಇರಬೇಕು. ಒಂದೇ ತುಂಡಿನಲ್ಲಿ ಗರ್ಭವೂ ನಿಂತು ಸಂಬಂಧವೂ ಮುರಿದಿದ್ದರೆ ತಿಂಗಳ ಸಂಖ್ಯೆಗೆ ಮರಳಿ ಯಾವುದು ಮೊದಲೆಂದು ನೋಡಲೇಬೇಕು. ಬಸುರಿನ ಅವಧಿಯ ಸಾಲುಗಳು ಗರ್ಭಧಾರಣೆಯ ಸಮೀಕರಣದಲ್ಲಿ ಬರಕೂಡದು, ಬೇರ್ಪಡುವಿಕೆಯದರಲ್ಲಿ ಉಳಿಯಬೇಕು.

ನಂತರ ಎರಡೂ ಬಗೆಯ ಸಾಲುಗಳನ್ನು ಒಂದರ ಕೆಳಗೊಂದು ಪೇರಿಸಿ, 0/1 ಫಲಿತಾಂಶಕ್ಕೆ ಒಂದೇ ಕಂಬಸಾಲು ಮಾಡಿದೆ. ಯಾವ ಸಾಲು ಯಾವ ಸಮೀಕರಣದ್ದು ಎನ್ನಲು ಎರಡು ಡಮ್ಮಿಗಳು (ಹೌದಾದರೆ 1, ಇಲ್ಲವಾದರೆ 0 ಎನ್ನುವ ಗುರುತುಗಳು). ಪ್ರತಿ ಚಲಕವನ್ನೂ ಆ ಡಮ್ಮಿಗಳಿಂದ ಗುಣಿಸಿ, ಡಮ್ಮಿಗಳಿಗೇ ಮಹಿಳೆಯ ಮಟ್ಟದ (ಒಬ್ಬೊಬ್ಬಳಲ್ಲೂ ಬೇರೆಯಾಗಿರುವ, ಅಳೆಯಲಾಗದ ಒಲವನ್ನು ಹಿಡಿಯುವ) ರ‍್ಯಾಂಡಮ್ ಎಫೆಕ್ಟ್ ಕೊಟ್ಟರೆ ಸಾಮಾನ್ಯ ಬಹುಹಂತದ ಲಾಜಿಟ್ ಮಾದರಿಯಲ್ಲೇ (ಸಾಲುಗಳನ್ನು ಮಹಿಳೆಯ ಅಡಿಯಲ್ಲಿ ಗುಂಪುಗೂಡಿಸಿ 0/1 ಫಲಿತಾಂಶದ ಸಂಭವವನ್ನು ಅಂದಾಜಿಸುವ ಮಾದರಿ) ಇಡೀ ಕೆಲಸ ಮುಗಿಯುತ್ತದೆ. ಆ ಎರಡು ಎಫೆಕ್ಟ್‌ಗಳ ನಡುವಿನ ಸಹಸಂಬಂಧವೇ ಇಲ್ಲಿನ ತಿರುಳು. ಅದು ಋಣಾತ್ಮಕವಾಗಿದ್ದರೆ, ಬೇರೆಯಾಗುವ ಒಲವು ಕಡಿಮೆ ಇರುವವರೇ ಬೇಗ ಬಸುರಾಗುತ್ತಿದ್ದಾರೆ ಎಂದರ್ಥ. ಆಗ ಬೇರ್ಪಡುವಿಕೆಯ ಸಮೀಕರಣವನ್ನಷ್ಟೇ ಅಂದಾಜಿಸುವ ಬಿಡಿ ಮಾದರಿ ಮಗುವಿನ 'ರಕ್ಷಣೆ'ಯನ್ನು ಇರುವುದಕ್ಕಿಂತ ಹೆಚ್ಚು ತೋರಿಸಿರುತ್ತದೆ.

ಕೆಡುವುದು ಹೆಚ್ಚಾಗಿ ಈ ಸಹಸಂಬಂಧದಲ್ಲೇ. ಒಬ್ಬಳದೇ ಘಟನೆಗಳು ಮರುಕಳಿಸಿದಾಗ ಮಾತ್ರ ಅವಳ ಒಲವು ಕಾಣುತ್ತದೆ. ಎರಡನೇ ಸಂಬಂಧಕ್ಕೆ ಹೋದವರು ತೀರಾ ಕಡಿಮೆಯಿದ್ದರೆ ವೇರಿಯನ್ಸ್ (ಮಹಿಳೆಯರ ಒಲವುಗಳ ಚದುರುವಿಕೆ) ಸೊನ್ನೆಗೆ ಕುಸಿದು ಸಹಸಂಬಂಧ ±1ಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಆಗ ಅದನ್ನು ಶೋಧನೆಯೆಂದು ವರದಿ ಮಾಡಬಾರದು. ಆರ್ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶದ ಎಲ್‌ಎಂಇ4 ಪ್ಯಾಕೇಜಿನಲ್ಲಿ ಎರಡು ರ‍್ಯಾಂಡಮ್ ಎಫೆಕ್ಟ್ ಇದ್ದಾಗ ಲಾಪ್ಲಾಸ್ ಎಂಬ ಸರಳೀಕರಿಸಿದ ಅಂದಾಜಿಗಿಂತ ನಿಖರವಾದ ಆಯ್ಕೆ ಸಿಗುವುದಿಲ್ಲ. ಇಂಥ ವಿರಳ 0/1 ದತ್ತಾಂಶದಲ್ಲಿ ಅದು ವೇರಿಯನ್ಸನ್ನು ತಗ್ಗಿಸಿಬಿಡಬಹುದು. ಎಂಎಲ್‌ವಿನ್ ಎಂಬ ಬಹುಹಂತದ ಮಾದರಿಗಳ ತಂತ್ರಾಂಶದಲ್ಲಿ ಎಂಸಿಎಂಸಿ (ಯಾದೃಚ್ಛಿಕ ಮೌಲ್ಯಗಳ ಸರಪಳಿಯಿಂದ ಅಂದಾಜಿಸುವ ವಿಧಾನ) ಓಡಿಸಿ ನೋಡುವುದು ಮೇಲು, ಆದರೆ ಸರಪಳಿಗಳು ನಿಧಾನ. ಸರಪಳಿಯಲ್ಲಿ ಸಹಸಂಬಂಧ ಸಾಗಿದ ಜಾಡನ್ನು ಚಿತ್ರ ಬಿಡಿಸಿ ನೋಡದೆ ನಿಲ್ಲಿಸಬೇಡಿ.

ಸಹಜೀವನ ಮದುವೆಯಾಗಿಯೂ ಮುಗಿಯಬಹುದು. ಅದಕ್ಕೆಂದು ಸಮೀಕರಣ ಸೇರಿಸುತ್ತ ಹೋದರೆ ಅಂದಾಜಿಸಬೇಕಾದ, ಒಲವುಗಳ ಚದುರುವಿಕೆ ಮತ್ತು ಅವುಗಳ ಪರಸ್ಪರ ನಂಟಿನ ಅಳತೆಗಳಾದ ವೇರಿಯನ್ಸ್-ಕೋವೇರಿಯನ್ಸ್‌ಗಳು 3ರಿಂದ 6ಕ್ಕೆ, 10ಕ್ಕೆ ಏರುತ್ತವೆ.

ಹೋಲಿಕೆಯಲ್ಲೂ ಒಂದು ಎಚ್ಚರ ಬೇಕು. ರ‍್ಯಾಂಡಮ್ ಎಫೆಕ್ಟ್ ಸೇರಿದೊಡನೆ ಲಾಜಿಟ್ ಗುಣಾಂಕಗಳು ತಾವಾಗಿಯೇ ಹಿಗ್ಗುತ್ತವೆ. ವೇರಿಯನ್ಸ್ 1 ಇದ್ದರೆ ಸುಮಾರು 1.16 ಪಟ್ಟು. ಆದ್ದರಿಂದ ಜಂಟಿ ಮಾದರಿಯನ್ನು ಹೋಲಿಸಬೇಕಾದದ್ದು ರ‍್ಯಾಂಡಮ್ ಎಫೆಕ್ಟ್ ಇರುವ, ಸಹಸಂಬಂಧವನ್ನು ಸೊನ್ನೆಗೆ ಕಟ್ಟಿಹಾಕಿದ ಮಾದರಿಯೊಂದಿಗೆ.