ಲೋಳೆಸರ ಅಡುಗೆಗೆ ಹಾಕುವ ಮೊದಲು ಹಳದಿ ರಸ ಇಳಿಸಿ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಸುಮಾರು ಮನೆಗಳಲ್ಲಿ ಲೋಳೆಸರ ಇದೆ ಅಲ್ವಾ, ಬೇಸಿಗೆ ಬಂತೆಂದರೆ ತಂಬುಳಿಗೋ ಶರಬತ್ತಿಗೋ ಹಾಕುವವರಿದ್ದಾರೆ. ಹಾಕಿ, ತೊಂದರೆ ಇಲ್ಲ. ಆದರೆ ಎಲೆ ಮುರಿದು ಸೀದಾ ಮಿಕ್ಸಿಗೆ ಹಾಕಬೇಡಿ.

ಸಿಪ್ಪೆಯ ಕೆಳಗೇ ಹಳದಿ ರಸ ಇರುತ್ತದೆ, ಅದರಲ್ಲಿ ಅಲೋಯಿನ್ ಎಂಬ ಕಹಿ ಅಂಶ. ಹೊಟ್ಟೆ ನುಲಿದು ಭೇದಿ ಆಗುವುದು ಅದರಿಂದಲೇ. ಅಮೆರಿಕದಲ್ಲಿ 2002ರಲ್ಲಿ ಈ ರಸ ಇರುವ, ಭೇದಿ ಮಾಡಿಸುವ ಮಾತ್ರೆಗಳನ್ನು ಅಂಗಡಿಯಿಂದ ತೆಗೆಸಿದರು. ಹಾಗಾಗಿ ಬುಡದ ದಪ್ಪ ಎಲೆ ಕೊಯ್ದು, ಕೊಯ್ದ ಬದಿ ಕೆಳಗೆ ಮಾಡಿ ಲೋಟದಲ್ಲಿ ಅರ್ಧ ಗಂಟೆ ನಿಲ್ಲಿಸಿ, ಹಳದಿ ತೊಟ್ಟಿಕ್ಕಿ ಹೋಗಲಿ. ಆಮೇಲೆ ಅಂಚಿನ ಮುಳ್ಳು ತೆಗೆದು, ಸಿಪ್ಪೆಯನ್ನು ಸ್ವಲ್ಪ ದಪ್ಪಕ್ಕೇ ಕೆತ್ತಿ (ಇಲ್ಲಿ ಜಿಪುಣತನ ಬೇಡ), ತಿರುಳನ್ನು ಎರಡು ಮೂರು ನೀರಲ್ಲಿ ತೊಳೆಯಿರಿ. ಒಂದು ಚೂರು ನಾಲಗೆಗೆ ಇಟ್ಟು ನೋಡಿ, ಕಹಿ ಇದ್ದರೆ ಮತ್ತೆ ತೊಳೆಯಿರಿ.

ತಿರುಳಿಗೆ ಅಂಥಾ ರುಚಿಯೇನೂ ಇಲ್ಲ, ಹೆಚ್ಚುಕಡಿಮೆ ಬರೀ ನೀರು. ಪುನರ್ಪುಳಿ (ಕೋಕಂ) ಶರಬತ್ತಿಗೆ ಸಣ್ಣ ತುಂಡು ಮಾಡಿ ಹಾಕಿದರೆ ಚೆನ್ನ. ತಂಬುಳಿಗಾದರೆ ತೆಂಗಿನಕಾಯಿ, ಜೀರಿಗೆ, ಹಸಿಮೆಣಸಿನ ಜೊತೆ ಅರೆದು ಮಜ್ಜಿಗೆ ಸೇರಿಸಿ.

ಬಸುರಿಯರಿಗೆ ಬೇಡ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿ.

ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಯವರು ಯಾರಾದರೂ ಜ್ಯೂಸ್ ಬಾಟಲಿ ಮಾಡಿ ಮಾರುವ ಯೋಚನೆಯಲ್ಲಿದ್ದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ) ನೋಂದಣಿ ಮಾಡಿಸಿ. ಲ್ಯಾಬಲ್ಲಿ ಅಲೋಯಿನ್ ಪರೀಕ್ಷೆಯೂ ಆಗಲಿ, ಕುಡಿಯುವ ಜ್ಯೂಸಿಗೆ ಈ ಉದ್ಯಮದವರು ಇಟ್ಟುಕೊಂಡ ಮಿತಿ 10 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 10 ಭಾಗ), ಅಷ್ಟನ್ನು ನಾಲಗೆಯಲ್ಲಿ ಅಳೆಯಲಿಕ್ಕೆ ಆಗುವುದಿಲ್ಲ.