ಫ್ಯಾಂಟಮ್ ಆಫ್ ದಿ ಒಪೆರಾ, ಸಿನಿಮಾನೂ ಸ್ಟೇಜ್ ಶೋನೂ ಎರಡೂ ನೋಡೋರಿಗೆ

ಫ್ಯಾಂಟಮ್ ಅಂದ್ರೆ ಹಾಡುಗಳಲ್ಲೇ ಕಥೆ ಹೇಳೋ ಇಂಗ್ಲಿಷ್ ನಾಟಕ. ಅದರ 2004ರ ಸಿನಿಮಾ ನೋಡಿರೋರು 2011ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಶೂಟ್ ಮಾಡಿದ ಸ್ಟೇಜ್ ಶೋಗೆ ಕೂತ್ರೆ, ಮೊದಲ ಹತ್ತು ನಿಮಿಷಕ್ಕೇ ಓವರ್ ಆ್ಯಕ್ಟಿಂಗ್ ಅಂತ ಆಫ್ ಮಾಡ್ಬೇಡಿ ಮಾರಾಯ್ರೆ, ಅವ್ರು ಕೊನೇ ಸಾಲಲ್ಲಿ ಕೂತೋರಿಗೂ ಕಾಣ್ಲಿ ಅಂತ ಮಾಡ್ತಿರೋದು, ಕ್ಯಾಮೆರಾ ಮುಖದ ಹತ್ರ ಹೋದ್ರೆ ಅದು ಅವ್ರ ತಪ್ಪಲ್ಲ.

ನಾನು ಮಾಡೋದು ಇಷ್ಟೇ, ಮ್ಯೂಸಿಕ್ ಆಫ್ ದಿ ನೈಟ್ ಹಾಡು ಒಂದನ್ನೇ ತಗೊಂಡು ಹೆಡ್‌ಫೋನ್ ಹಾಕಿ ಎರಡರಲ್ಲೂ ಒಂದಾದ್ಮೇಲೊಂದು ಕೇಳೋದು. ಸಿನಿಮಾದಲ್ಲಿ ಫ್ಯಾಂಟಮ್ ಆಗಿರೋ ಜೆರಾರ್ಡ್ ಬಟ್ಲರ್ ಕಣ್ಣಲ್ಲೇ ಗೆದ್ಬಿಡ್ತಾರೆ, ಗಂಟಲು ಮಾತ್ರ ಒರಟು. ಸ್ಟೇಜ್ ಶೋನ ಫ್ಯಾಂಟಮ್ ರಮೀನ್ ಕರೀಮ್ಲೂ ಹಾಡಿದ್ರೆ ಹಾಲ್ ಪೂರ್ತಿ ಉಸಿರು ಬಿಗಿಹಿಡಿದಂಗೆ ಅನ್ಸುತ್ತೆ (ನನ್ನ ಓಟು ಇವ್ರಿಗೇ).

ಆಮೇಲೆ ಕಥೆ ನಡೆಯೋ ಒಪೆರಾ ಹಾಲಿನ ಆ ದೊಡ್ಡ ತೂಗುದೀಪದ ಮೇಲೆ ಒಂದು ಕಣ್ಣಿಟ್ಟಿರಿ. ಮೂಲ ನಾಟಕದಲ್ಲಿ ಅದು ಮೊದಲನೇ ಅಂಕ ಮುಗಿಯೋವಾಗ ಬೀಳುತ್ತೆ, ಸಿನಿಮಾದವ್ರು ಅದನ್ನ ಕ್ಲೈಮ್ಯಾಕ್ಸಿಗೆ ತಳ್ಳಿದಾರೆ, ಆಲ್ಬರ್ಟ್ ಹಾಲಲ್ಲಂತೂ ಬೀಳೋದೇ ಇಲ್ಲ, ಮೇಲೇ ಕಿಡಿ ಹಾರಿ ಸಿಡಿಯುತ್ತೆ. ಒಂದು ದೀಪ ಜಾಗ ಬದಲಿಸಿದ್ದಕ್ಕೆ ಇಂಟರ್ವಲ್ ಹೊತ್ತಿನ ಎದೆಬಡಿತವೇ ಬೇರೆ ಆಗೋಗುತ್ತೆ ನೋಡಿ.

ಹಾಂ, ಸಬ್‌ಟೈಟಲ್ ಆನ್ ಇರ್ಲಿ, ಏಳೆಂಟು ಜನ ಒಟ್ಟಿಗೆ ಹಾಡೋ ಕಡೆ ಒಂದಕ್ಷರ ಕಿವಿಗೆ ಹತ್ತಲ್ಲ.